ಕರಗುವ ಬಿಸಿಯಲ್ಲೂ ಕರಗದ ಅಲಗು

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೀರಾ ಮಕ್ಕಳೇ? ಅದರ ಹೊರಗೆ ಚೂಪು ಮೂಗಿನ ಹಳೆಯ ಯುದ್ಧವಿಮಾನವೊಂದು ನಿಂತಿದೆ. ಹೆಸರು ಮಾರುತ್. ಭಾರತದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಅದು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳತ್ವದಲ್ಲಿ ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲಿ ಅದರ ವಿನ್ಯಾಸ ನಡೆಯಿತು. 1961ರ ಜೂನ್ 17ರಂದು ಸುರಂಜನ್ ದಾಸ್ ಎಂಬ ಪೈಲಟ್ ಅದನ್ನು ಮೊದಲ ಸಲ ಹಾರಿಸಿದರು.

ನೋಡಲು ಅಷ್ಟು ಚೆಂದದ ವಿಮಾನಕ್ಕೆ ಒಂದೇ ಕೊರತೆ. ಶಬ್ದದ ಎರಡು ಪಟ್ಟು ವೇಗದಲ್ಲಿ ಹಾರಲೆಂದು ಅದರ ಮೈಯನ್ನು ತಿದ್ದಿ ತೀಡಿದ್ದರು, ಆದರೆ ಅದಕ್ಕೆ ತಕ್ಕ ಎಂಜಿನ್ ಸಿಗಲೇ ಇಲ್ಲ. ಕೊನೆಗೆ ಬ್ರಿಟನ್ನಿನ ಆರ್ಫಿಯಸ್ ಎಂಬ ಚಿಕ್ಕ ಎಂಜಿನ್ ಎರಡನ್ನು ಕೂರಿಸಿದರು. ಶಬ್ದದ ವೇಗ ಮುಟ್ಟುವಷ್ಟರಲ್ಲೇ ವಿಮಾನಕ್ಕೆ ಏದುಸಿರು. ಪಾಕಿಸ್ತಾನದ ಜೊತೆಗಿನ 1971ರ ಯುದ್ಧದಲ್ಲಿ ಅದು ಚೆನ್ನಾಗಿಯೇ ಕೆಲಸ ಮಾಡಿತು. ಆದರೂ ತನ್ನ ಪೂರ್ತಿ ವೇಗವನ್ನು ಕೊನೆಯವರೆಗೂ ಕಾಣಲಿಲ್ಲ. ಎಂಜಿನ್ನಿಗೆ ಇನ್ನಷ್ಟು ಬಲ ತುಂಬಿದ ಮಾರುತ್ ಒಂದನ್ನು ಪರೀಕ್ಷಿಸಲು 1970ರ ಜನವರಿಯಲ್ಲಿ ಮೇಲೇರಿದ ಸುರಂಜನ್ ದಾಸ್ ಅಪಘಾತದಲ್ಲಿ ತೀರಿಕೊಂಡರು. ಬೆಂಗಳೂರಿನ ಪೂರ್ವ ಭಾಗದಲ್ಲಿ ಅವರ ಹೆಸರಿನ ರಸ್ತೆಯಿದೆ. ಆ ಕಡೆಯಲ್ಲೇ, ಸಿ.ವಿ. ರಾಮನ್ ನಗರದಲ್ಲಿ, ಜಿಟಿಆರ್‌ಇ ಎಂಬ ಸಂಶೋಧನಾಲಯವಿದೆ. ಅಲ್ಲಿನವರು ದಶಕಗಳಿಂದ ಒಂದೇ ಕೆಲಸದ ಹಿಂದೆ ಬಿದ್ದಿದ್ದಾರೆ: ಭಾರತದ್ದೇ ಆದ ಜೆಟ್ ಎಂಜಿನ್ ಮಾಡುವುದು.

ಅದೇನು ಅಷ್ಟು ಕಷ್ಟವೇ? ಒಂದು ಬಲೂನು ತೆಗೆದುಕೊಳ್ಳಿ. ಊದಿ, ಬಾಯಿ ಕಟ್ಟದೆ ಬಿಟ್ಟುಬಿಡಿ. ಗಾಳಿ ಹಿಂದಕ್ಕೆ ನುಗ್ಗುತ್ತದೆ, ಬಲೂನು ಮುಂದಕ್ಕೆ ಹಾರುತ್ತದೆ. ಜೆಟ್ ಎಂಜಿನ್ನೂ ಮಾಡುವುದು ಇಷ್ಟೇ. ಆದರೆ ಬಲೂನಿನ ಗಾಳಿ ನಾಲ್ಕು ಕ್ಷಣದಲ್ಲಿ ಮುಗಿದುಹೋಗುತ್ತದೆ. ಎಂಜಿನ್ ತನ್ನನ್ನು ತಾನೇ ಊದಿಕೊಳ್ಳುತ್ತಲೇ ಇರಬೇಕು. ಅದಕ್ಕೆ ಮುಂಭಾಗದಲ್ಲಿ ಸಾಲು ಸಾಲಾಗಿ ಫ್ಯಾನಿನಂಥ ಚಕ್ರಗಳಿವೆ. ಅವು ಗಾಳಿಯನ್ನು ಎಳೆದುಕೊಂಡು ಇಕ್ಕಟ್ಟಾದ ಜಾಗಕ್ಕೆ ಒತ್ತಿ ತುರುಕುತ್ತವೆ. ಸೈಕಲ್ಲಿಗೆ ಗಾಳಿ ಹೊಡೆಯುವಾಗ ಪಂಪಿನ ತಳ ಬಿಸಿಯಾಗುತ್ತದಲ್ಲ, ಹಾಗೆಯೇ ಒತ್ತಿದ ಈ ಗಾಳಿಯೂ ಬಿಸಿಯಾಗುತ್ತದೆ. ಮುಂದೆ ಉರಿಗೂಡು. ಅಲ್ಲಿ ಇಂಧನ ಸಿಂಪಡಿಸಿ ಹೊತ್ತಿಸುತ್ತಾರೆ. ಉಬ್ಬಿದ ಬಿಸಿಗಾಳಿ ಹಿಂದಕ್ಕೆ ರಭಸದಿಂದ ಚಿಮ್ಮುತ್ತದೆ. ಹೊರಗೆ ಹೋಗುವ ದಾರಿಯಲ್ಲಿ ಅದು ಇನ್ನೊಂದು ಚಕ್ರವನ್ನು ತಿರುಗಿಸಿಯೇ ಹೋಗಬೇಕು. ಅದಕ್ಕೆ ಟರ್ಬೈನ್ ಎನ್ನುತ್ತಾರೆ. ಜಾತ್ರೆಯಲ್ಲಿ ಮಾರುವ ಗಿರಗಿಟ್ಲೆ ಗಾಳಿಗೆ ತಿರುಗುವ ಹಾಗೆ ಇದೂ ತಿರುಗುತ್ತದೆ. ಟರ್ಬೈನಿಗೂ ಮುಂದಿನ ಚಕ್ರಗಳಿಗೂ ಒಂದೇ ದಂಡ. ಹಾಗಾಗಿ ಹಿಂದಿನದು ತಿರುಗಿದರೆ ಮುಂದಿನದೂ ತಿರುಗಿ ಹೊಸ ಗಾಳಿ ಎಳೆಯುತ್ತದೆ.

ಕಷ್ಟವೆಲ್ಲ ಆ ಗಿರಗಿಟ್ಲೆಯಲ್ಲಿದೆ. ಗಾಳಿ ಬಿಸಿಯಾದಷ್ಟೂ ಎಂಜಿನ್ನಿಗೆ ಬಲ ಹೆಚ್ಚು. ಇಂದಿನ ಯುದ್ಧವಿಮಾನಗಳ ಎಂಜಿನ್ನಿನಲ್ಲಿ ಟರ್ಬೈನಿಗೆ ಬಡಿಯುವ ಗಾಳಿ 1,500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಟರ್ಬೈನಿನ ಅಲಗುಗಳನ್ನು ಮಾಡುವ ನಿಕಲ್ ಮಿಶ್ರಲೋಹವೋ 1,300 ಡಿಗ್ರಿಯ ಆಸುಪಾಸಿನಲ್ಲೇ ಕರಗತೊಡಗುತ್ತದೆ! ಅಂದರೆ ತನ್ನನ್ನು ಕರಗಿಸಬಲ್ಲ ಬೆಂಕಿಯ ನಡುವೆಯೇ ಆ ಅಲಗು ನಿಲ್ಲಬೇಕು. ಬರೀ ನಿಂತರೆ ಸಾಲದು, ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗಬೇಕು. ನೀರು ತುಂಬಿದ ಚೊಂಬಿಗೆ ಹಗ್ಗ ಕಟ್ಟಿ ಬೀಸಿ ತಿರುಗಿಸಿದರೆ ಕೈಯನ್ನು ಎಷ್ಟು ಜಗ್ಗುತ್ತದೆ, ನೆನಪಿದೆಯೇ? ಅಂಗೈಯಲ್ಲಿ ಹಿಡಿಸುವಷ್ಟು ಪುಟ್ಟ ಅಲಗು ಈ ವೇಗದಲ್ಲಿ ತನ್ನ ಬುಡವನ್ನು ಹಲವು ಟನ್ ಬಲದಿಂದ ಜಗ್ಗುತ್ತದೆ.

ಹಾಗಾದರೆ ಅದು ಕರಗದೆ, ಹಿಗ್ಗದೆ ಉಳಿಯುವುದು ಹೇಗೆ? ಅಡುಗೆಮನೆಗೆ ಬನ್ನಿ. ಒಂದು ಬೆಲ್ಲದ ಅಚ್ಚು, ಒಂದು ದೊಡ್ಡ ಕಲ್ಲುಸಕ್ಕರೆ ಹರಳು ತೆಗೆದುಕೊಳ್ಳಿ. ಬೆಲ್ಲವನ್ನು ಕುಟ್ಟಿದರೆ ಪುಡಿಪುಡಿಯಾಗುತ್ತದೆ, ಏಕೆಂದರೆ ಅದು ಲೆಕ್ಕವಿಲ್ಲದಷ್ಟು ಸಣ್ಣ ಕಣಗಳು ಅಂಟಿಕೊಂಡ ಮುದ್ದೆ. ಕಲ್ಲುಸಕ್ಕರೆ ಹರಳು ಸುಲಭಕ್ಕೆ ಬಗ್ಗುವುದಿಲ್ಲ. ಒಳಗೆಲ್ಲ ಒಂದೇ ಜೋಡಣೆ, ನಡುವೆ ಬೆಸುಗೆಯೇ ಇಲ್ಲ. ಲೋಹವೂ ಸಾಮಾನ್ಯವಾಗಿ ಬೆಲ್ಲದ ಹಾಗೆ ಕಣಗಳ ಮುದ್ದೆಯೇ. ಕಾದಾಗ ಆ ಕಣಗಳು ಒಂದರ ಪಕ್ಕ ಒಂದು ಮೆಲ್ಲಗೆ ಜಾರುತ್ತವೆ, ಅಲಗು ಉದ್ದವಾಗುತ್ತ ಹೋಗಿ ಕೊನೆಗೆ ಮುರಿಯುತ್ತದೆ. ಅದಕ್ಕೇ ವಿಜ್ಞಾನಿಗಳು ಇಡೀ ಅಲಗನ್ನೇ ಒಂದು ಹರಳಾಗಿ ಬೆಳೆಸುತ್ತಾರೆ. ಹೌದು, ಬೆಳೆಸುತ್ತಾರೆ! ಅಚ್ಚಿನ ತಳದಲ್ಲಿ ಕರಗಿದ ಲೋಹ ಮೊದಲು ತಣಿದು ಹಲವು ಹರಳುಗಳು ಮೊಳೆಯುತ್ತವೆ. ಅವುಗಳ ಮೇಲೆ ಹಂದಿಯ ಬಾಲದಂತೆ ಸುರುಳಿಯಾದ ಕಿರಿದಾದ ದಾರಿ. ಆ ಇಕ್ಕಟ್ಟಿನಲ್ಲಿ ಒಂದೊಂದೇ ಹರಳು ಹಿಂದೆ ಬೀಳುತ್ತ, ಕೊನೆಗೆ ಒಂದು ಮಾತ್ರ ಮೇಲೆ ಬರುತ್ತದೆ. ಅಚ್ಚನ್ನು ಕುಲುಮೆಯಿಂದ ಬಹಳ ನಿಧಾನವಾಗಿ ಕೆಳಗಿಳಿಸಿದಂತೆ ಆ ಒಂದೇ ಹರಳು ಅಲಗಿನ ತುದಿಯವರೆಗೂ ಬೆಳೆಯುತ್ತದೆ.

ಅಲಗಿನ ಒಳಗೆ ಟೊಳ್ಳು ದಾರಿಗಳಿವೆ, ಮೈಮೇಲೆ ಸೂಜಿಯಿಂದ ಚುಚ್ಚಿದಂಥ ತೂತುಗಳಿವೆ. ಮುಂದಿನ ಚಕ್ರಗಳಿಂದ ಕದ್ದು ತಂದ ಗಾಳಿ ಈ ತೂತುಗಳಿಂದ ಹೊರಬಂದು ಅಲಗಿಗೆ ತೆಳುವಾದ ಹೊದಿಕೆಯಾಗುತ್ತದೆ. ಆ ಗಾಳಿಯೂ ನಮ್ಮನ್ನು ಸುಡುವಷ್ಟು ಬಿಸಿಯೇ; ಆದರೆ ಅಲಗಿನ ಪಾಲಿಗೆ ಅದೇ ತಂಪು.

ಇಂಥ ಅಲಗಿನ ಅಚ್ಚು ಮಾಡಲು ಮೊದಲು ಮೇಣದಲ್ಲಿ ಅಲಗಿನ ರೂಪ ಮಾಡುತ್ತಾರೆ. ಅದರ ಸುತ್ತ ಪಿಂಗಾಣಿಯಂಥ ಲೇಪ ಹಚ್ಚಿ ಗಟ್ಟಿಯಾಗಿಸಿ, ಮೇಣ ಕರಗಿಸಿ ತೆಗೆದು, ಉಳಿದ ಪೊಳ್ಳಿಗೆ ಲೋಹ ಹೊಯ್ಯುತ್ತಾರೆ. ಇದನ್ನು ಬರೆಯುವಾಗ ನನಗೆ ನೆನಪಾಗುವುದು ತಮಿಳುನಾಡಿನ ಸ್ವಾಮಿಮಲೈ. ಅಲ್ಲಿನ ಶಿಲ್ಪಿಗಳು ದೇವರ ಕಂಚಿನ ಮೂರ್ತಿಗಳನ್ನು ಎರಕ ಹೊಯ್ಯುವುದೂ ಇದೇ ಮೇಣದ ಉಪಾಯದಿಂದ. ಮೇಣಕ್ಕೆ ಅವರು ಮೆತ್ತುವುದು ಹೊಳೆಯ ನುಣುಪಾದ ಮೆಕ್ಕಲು ಮಣ್ಣನ್ನು. ಯಾವ ಹೊಳೆ ಗೊತ್ತೇ? ನಮ್ಮ ತಲಕಾವೇರಿಯಲ್ಲಿ ಹುಟ್ಟುವ ಕಾವೇರಿ.

ಬೆಂಗಳೂರಿನ ಜಿಟಿಆರ್‌ಇಯವರ ಎಂಜಿನ್ನಿಗೂ ಅದೇ ಹೆಸರು! ಕಾವೇರಿ ಎಂಜಿನ್ ಯೋಜನೆಗೆ 1989ರಲ್ಲಿ ಒಪ್ಪಿಗೆ ಸಿಕ್ಕಿತು. ತೇಜಸ್ ಎಂಬ ನಮ್ಮ ಯುದ್ಧವಿಮಾನವನ್ನು ಹಾರಿಸಲು ಅದು ಸುಮಾರು 81 ಕಿಲೋನ್ಯೂಟನ್ ನೂಕುಬಲ ಕೊಡಬೇಕಿತ್ತು. ಒಂದು ಕಿಲೋನ್ಯೂಟನ್ ಎಂದರೆ ಸುಮಾರು ನೂರು ಕೆ.ಜಿ.ಯ ಮೂಟೆ ಎತ್ತುವ ಬಲ ಎಂದುಕೊಳ್ಳಿ. ಕಾವೇರಿ 70 ದಾಟಿತು, 81 ಮುಟ್ಟಲಿಲ್ಲ. ತೂಕವೂ ಅಂದುಕೊಂಡಿದ್ದಕ್ಕಿಂತ ಹೆಚ್ಚಾಯಿತು. 2001ರ ಜನವರಿ 4ರಂದು ತೇಜಸ್ ಅಮೆರಿಕದ ಎಂಜಿನ್ ಹೊತ್ತು ಮೊದಲ ಸಲ ಹಾರಿತು, 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರೆ ಮಾಡಿದರು. ಆಕಾಶದ ಎತ್ತರದಲ್ಲಿ ಎಂಜಿನ್ ಪರೀಕ್ಷಿಸುವ ಸೌಲಭ್ಯ ನಮ್ಮಲ್ಲಿರಲಿಲ್ಲ. ಹಾಗಾಗಿ ಅದನ್ನು ರಷ್ಯಾಕ್ಕೆ ಕೊಂಡೊಯ್ದು, 2010ರಲ್ಲಿ ದೊಡ್ಡ ಸಾಗಣೆ ವಿಮಾನವೊಂದಕ್ಕೆ ಜೋಡಿಸಿ ಹಾರಿಸಿ ನೋಡಿದರು. ಕಾವೇರಿ ಸೋತಿತು ಎಂದು ದೊಡ್ಡವರು ಹೇಳುವುದನ್ನು ನೀವು ಕೇಳಿರಬಹುದು. ಗುರಿ ಮುಟ್ಟಲಿಲ್ಲ ಎನ್ನುವುದು ನಿಜ. ಆದರೆ ಸೋಲು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎಂಜಿನ್ ಉರಿಯಿತು, ತಿರುಗಿತು, ಆಕಾಶದಲ್ಲೂ ನಡೆಯಿತು. ಎಲ್ಲಿ ಎಡವಿದೆವು ಎನ್ನುವುದು ಮಾಡಿದವರಿಗೆ ಈಗ ಗೊತ್ತು. ಮುಂದೆ ಹೈದರಾಬಾದಿನ ಲೋಹ ಪ್ರಯೋಗಾಲಯ ಒಂದೇ ಹರಳಿನ ಅಲಗುಗಳನ್ನು ಮಾಡಿ, 2021ರಲ್ಲಿ ಹೆಲಿಕಾಪ್ಟರ್ ಎಂಜಿನ್ನಿಗೆಂದು ಎಚ್‌ಎಎಲ್‌ಗೆ ಕೊಟ್ಟಿತು.

ಈಗ ಬೆಂಗಳೂರಿನಲ್ಲಿ ಆಮ್ಕಾ ಎಂಬ ಹೊಸ ವಿಮಾನ ರೂಪುಗೊಳ್ಳುತ್ತಿದೆ. ರೇಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಸ್ಟೆಲ್ತ್ ವಿಮಾನ. 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಅಡಗುವ ವಿಮಾನಕ್ಕೆ ಎಂಜಿನ್ನೇ ಒಂದು ತಲೆನೋವು. ಗರಗರ ತಿರುಗುವ ಮುಂದಿನ ಚಕ್ರ ರೇಡಾರ್ ಅಲೆಗಳನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಆದ್ದರಿಂದ ಗಾಳಿಯ ಕೊಳವೆಯನ್ನು ಹಾವಿನಂತೆ ಬಳುಕಿಸಿ ಎಂಜಿನ್ನನ್ನು ಮರೆಮಾಡುತ್ತಾರೆ. ಬಳುಕಿದ ದಾರಿಯಲ್ಲಿ ಬರುವ ಗಾಳಿ ಏರುಪೇರಾಗಿರುತ್ತದೆ, ಆಗಲೂ ಎಂಜಿನ್ ಕೆಮ್ಮಬಾರದು. ಕ್ಷಿಪಣಿಗಳನ್ನು ಹೊಟ್ಟೆಯೊಳಗೇ ಬಚ್ಚಿಡಬೇಕು, ಹಾಗಾಗಿ ವಿಮಾನ ದಪ್ಪವಾಗುತ್ತದೆ, ಬಲ ಹೆಚ್ಚು ಬೇಕಾಗುತ್ತದೆ. ಅದಕ್ಕೆ ಬೇಕಾದ ಹೊಸ ಎಂಜಿನ್ನಿನ ಗುರಿ 110ರಿಂದ 120 ಕಿಲೋನ್ಯೂಟನ್. ಅಂದರೆ ಎರಡು ದಸರಾ ಆನೆಗಳನ್ನು ಎತ್ತಿ ನಿಲ್ಲಿಸುವಷ್ಟು ಬಲ. ವಿಮಾನಕ್ಕೆ ಇಂಥವು ಎರಡು.

ಕೊಂಡು ತಂದರಾಯಿತಲ್ಲ ಎಂದು ನೀವು ಕೇಳಬಹುದು. ಮೊದಲ ಆಮ್ಕಾಗಳು ಕೊಂಡು ತಂದ ಅಮೆರಿಕದ ಎಂಜಿನ್ನಿನಿಂದಲೇ ಹಾರಲಿವೆ. ಆದರೆ 1998ರ ಪೋಖ್ರಾನ್ ಅಣುಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ ತೇಜಸ್ ಕೆಲಸಕ್ಕೆ ಪೆಟ್ಟು ಬಿತ್ತು. 2021ರಲ್ಲಿ ತೇಜಸ್‌ಗೆಂದು 99 ಎಂಜಿನ್ ಕೊಳ್ಳುವ ಒಪ್ಪಂದವಾಯಿತು. ಅದರಲ್ಲಿ ಮೊದಲನೆಯದು ಕೈಗೆ ಬಂದದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ, ಫ್ರಾನ್ಸಿನ ಸಫ್ರಾನ್ ಕಂಪನಿಯ ಜೊತೆ ಸೇರಿ ಭಾರತದಲ್ಲೇ ಎಂಜಿನ್ ಮಾಡುವ ಹೆಜ್ಜೆಯನ್ನು ರಕ್ಷಣಾ ಸಚಿವ ರಾಜನಾಥ್ ಸಿಂಗ್ ಪ್ರಕಟಿಸಿದರು. ಜೊತೆಗೂಡಿ ಮಾಡುವುದು ಒಳ್ಳೆಯದೇ. ಆದರೆ ಆ ಬಿಸಿ ಅಲಗಿನ ಗುಟ್ಟು ನಮ್ಮವರ ಕೈಗೂ ಪೂರ್ತಿ ಬರಬೇಕು, ಅರ್ಧ ಬಂದರೆ ಉಪಯೋಗವಿಲ್ಲ.

ನೀವೊಂದು ಹರಳು ಬೆಳೆಸಿ ನೋಡುತ್ತೀರಾ? ಅಮ್ಮನನ್ನೋ ಅಜ್ಜಿಯನ್ನೋ ಜೊತೆಗಿಟ್ಟುಕೊಂಡು ಬಿಸಿನೀರಿನಲ್ಲಿ ಕರಗುವಷ್ಟೂ ಸಕ್ಕರೆ ಕರಗಿಸಿ. ಆರಿದ ಪಾಕವನ್ನು ಗಾಜಿನ ಲೋಟಕ್ಕೆ ಹಾಕಿ, ದಾರಕ್ಕೆ ಒಂದು ಸಣ್ಣ ಕಲ್ಲುಸಕ್ಕರೆ ಕಟ್ಟಿ ಇಳಿಬಿಡಿ. ಒಂದೆರಡು ವಾರ ಅಲ್ಲಾಡಿಸದೆ ಬಿಡಿ. ದಿನಾ ಒಮ್ಮೆ ಹೋಗಿ ನೋಡಿ, ಮುಟ್ಟಬೇಡಿ.