ಮಡಚಿಕೊಂಡು ಜೀವ ಉಳಿಸುವ ತಗಡು

(ಸಂಘದ ವಾರ್ಷಿಕ ಸಮಾವೇಶದ ವಿದ್ಯಾರ್ಥಿ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಪಠ್ಯ)



ವಿಜ್ಞಾನದ ಬಗ್ಗೆ ಮಕ್ಕಳಿಗೂ ದೊಡ್ಡವರಿಗೂ ಅರ್ಥವಾಗುವಂತೆ ಏನಾದರೂ ಹೇಳಬೇಕೆಂದು ಸಂಘದವರು ಕೇಳಿಕೊಂಡಿದ್ದಾರೆ. ನಾನು ಮೆಕ್ಯಾನಿಕಲ್ ಇಂಜಿನಿಯರಿಂಗ್ ಪಾಠ ಮಾಡುವವನು. ಆದ್ದರಿಂದ ಒಂದು ಗ್ಯಾರೇಜಿನಿಂದಲೇ ಮಾತು ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಸೋದರಮಾವನ ಮಗ ರಾತ್ರಿ ಹೊತ್ತು ಕಾರನ್ನು ಸೇತುವೆಯ ಗೋಡೆಗೆ ಗುದ್ದಿದ. ಮರುದಿನ ಮಾವನ ಜೊತೆ ನಾನೂ ಗ್ಯಾರೇಜಿಗೆ ಹೋದೆ. ಕಾರಿನ ಮೂತಿ ಕಾಗದ ಮಡಚಿದಂತೆ ಮಡಚಿಹೋಗಿತ್ತು. ಮಾವ ಸಿಟ್ಟಿನಿಂದ, "ಇದೆಂಥ ಕಾರು! ಬರೀ ತಗಡು. ನಮ್ಮ ಹಳೆಯ ಕಾರಾಗಿದ್ದರೆ ಬಂಪರಿಗೆ ಒಂದು ಗೀರು ಬೀಳುತ್ತಿತ್ತು, ಅಷ್ಟೆ" ಎಂದರು. ಹಾಗೆ ಅವರು ಹೇಳುತ್ತಿದ್ದಾಗ ಪಕ್ಕದ ಬೆಂಚಿನಲ್ಲಿ ಕುಳಿತು ಚಹಾ ಕುಡಿಯುತ್ತಿದ್ದವನು ಅವರ ಮಗನೇ. ಅವನ ಎದೆಯ ಮೇಲೆ ಸೀಟ್ ಬೆಲ್ಟಿನ ಒಂದು ಬರೆ ಬಿಟ್ಟರೆ ಬೇರೆ ಗಾಯವಿರಲಿಲ್ಲ. ಕಾರು ಮಡಚಿದ್ದರಿಂದಲೇ ಹುಡುಗ ಉಳಿದ ಎಂದು ನಾನು ಹೇಳಿದಾಗ ಮಾವ ನಂಬಲಿಲ್ಲ. ಅಂದು ಅವರಿಗೆ ಹೇಳಿದ್ದನ್ನೇ ಇಂದು ನಿಮಗೂ ಹೇಳುತ್ತೇನೆ.

ಮೊದಲು ಸ್ವಲ್ಪ ಲೆಕ್ಕ. 1000 ಕಿಲೋ ತೂಕದ ಕಾರು ಗಂಟೆಗೆ 50 ಕಿ.ಮೀ. ವೇಗದಲ್ಲಿ ಓಡುತ್ತಿದೆ ಎನ್ನೋಣ. ಅದರ ಚಲನಶಕ್ತಿ ಸುಮಾರು 96,000 ಜೂಲ್. ವೇಗ ಇಮ್ಮಡಿಯಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಕಾರು ನಿಲ್ಲಬೇಕಾದರೆ ಈ ಶಕ್ತಿ ಎಲ್ಲಿಗಾದರೂ ಹೋಗಲೇಬೇಕು. ಮೂತಿ 60 ಸೆಂ.ಮೀ. ಒಳಸರಿದು ಕಾರು ನಿಂತರೆ, ಒಳಗಿರುವವರ ಮೇಲೆ ಬೀಳುವ ಸರಾಸರಿ ಹೊರೆ ಅವರ ತೂಕದ ಸುಮಾರು 16 ಪಟ್ಟು. 60 ಕಿಲೋ ತೂಕದವರಿಗೆ ಹೆಚ್ಚುಕಡಿಮೆ ಒಂದು ಟನ್. ಇದು ಭಾರೀ ಹೊರೆಯೇ, ಆದರೆ ಬೆಲ್ಟ್ ಕಟ್ಟಿಕೊಂಡ ಆರೋಗ್ಯವಂತ ದೇಹ ಆ ಕ್ಷಣವನ್ನು ತಾಳಿಕೊಳ್ಳಬಲ್ಲದು. ಅದೇ ಕಾರಿನ ಮೂತಿ ಬಂಡೆಯಂತೆ ಗಟ್ಟಿಯಾಗಿದ್ದು 6 ಸೆಂ.ಮೀ. ಮಾತ್ರ ಒಳಸರಿದರೆ? ಹೊರೆ 160 ಪಟ್ಟು, ಅಂದರೆ ಹತ್ತು ಟನ್ನಿನ ಹತ್ತಿರ. ಕಾರಿಗೆ ಗೀರು ಮಾತ್ರ ಬೀಳಬಹುದು, ಆದರೆ ಒಳಗಿರುವವರು ಉಳಿಯುವುದು ಕಷ್ಟ.

ಹಾಗಾದರೆ ಆ 60 ಸೆಂ.ಮೀ. ಜಾಗದಲ್ಲಿ ಶಕ್ತಿಯನ್ನು ಹೀರುವುದು ಯಾವುದು? ಸ್ಪ್ರಿಂಗ್ ಇಟ್ಟರಾಗದೇ ಎಂದು ತರಗತಿಯಲ್ಲಿ ಮಕ್ಕಳು ಕೇಳುವುದುಂಟು. ಸ್ಪ್ರಿಂಗ್ ತಾನು ಪಡೆದ ಶಕ್ತಿಯನ್ನು ಇಟ್ಟುಕೊಳ್ಳುವುದಿಲ್ಲ, ಹಿಂದಿರುಗಿಸುತ್ತದೆ. ಕಾರು ಹಿಂದಕ್ಕೆ ಚಿಮ್ಮಿ ಇನ್ನೊಂದು ಏಟು ತಿನ್ನುತ್ತದೆ. ನಮಗೆ ಬೇಕಾದದ್ದು ಪಡೆದದ್ದನ್ನು ಮರಳಿಸದ ವಸ್ತು. ಬಗ್ಗಿದ ಮೇಲೆ ನೆಟ್ಟಗಾಗದ ಲೋಹ ಅಂಥದ್ದು. ಒಂದು ತಂತಿಯನ್ನು ಹಿಂದೆ ಮುಂದೆ ಹತ್ತಾರು ಸಲ ಬಗ್ಗಿಸಿ, ಬಗ್ಗಿದ ಜಾಗವನ್ನು ಮುಟ್ಟಿ ನೋಡಿ. ಬಿಸಿಯಾಗಿರುತ್ತದೆ. ನಿಮ್ಮ ಕೈಯ ಶ್ರಮ ಅಲ್ಲಿ ಶಾಖವಾಗಿದೆ. ಡಿಕ್ಕಿಯ ಶಕ್ತಿಯೂ ಹೀಗೆಯೇ ಲೋಹದಲ್ಲಿ ಶಾಖವಾಗಿ ಕರಗಬೇಕು.

ಇದನ್ನು ಅತ್ಯಂತ ಅಚ್ಚುಕಟ್ಟಾಗಿ ಮಾಡುವುದು ತೆಳು ಗೋಡೆಯ ಕೊಳವೆ. ಕಾರಿನ ಬಂಪರಿನ ಹಿಂದೆ ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಪೆಟ್ಟಿಗೆಯಾಕಾರದ ಉಕ್ಕಿನ ಕೊಳವೆಗಳಿರುತ್ತವೆ. ತುದಿಯಿಂದ ಒತ್ತಿದಾಗ ಕೊಳವೆ ಮೊದಲು ಬಲವಾಗಿ ಎದುರಿಸುತ್ತದೆ. ಆಮೇಲೆ ಗೋಡೆಯಲ್ಲಿ ಒಂದು ಮಡಿಕೆ ಬೀಳುತ್ತದೆ, ಬಲ ಇಳಿಯುತ್ತದೆ. ಆ ಮಡಿಕೆ ಪೂರ್ತಿ ಮುಚ್ಚಿಕೊಂಡ ಮೇಲೆ ಬಲ ಮತ್ತೆ ಏರಿ ಅದರ ಪಕ್ಕದಲ್ಲಿ ಇನ್ನೊಂದು ಮಡಿಕೆ. ಹೀಗೆ ಹಾರ್ಮೋನಿಯಂ ತಿದಿಯಂತೆ ಒಂದಾದ ಮೇಲೊಂದು ಮಡಿಕೆ ಬೀಳುತ್ತಾ ಹೋಗುತ್ತದೆ. ಪ್ರತಿ ಮಡಿಕೆಯ ಅಂಚಿನಲ್ಲೂ ಲೋಹ ಶಾಶ್ವತವಾಗಿ ಬಗ್ಗುತ್ತದೆ, ಹಿಗ್ಗುತ್ತದೆ. ಬಲ ಏರಿಳಿದರೂ ಅದರ ಸರಾಸರಿ ಮಾತ್ರ ಕೊನೆಯವರೆಗೆ ಹೆಚ್ಚು ಬದಲಾಗುವುದಿಲ್ಲ. ಇದೇ ಕೊಳವೆಯ ದೊಡ್ಡ ಗುಣ.

ಕಾರಿನ ಮೂತಿ ಮಡಚಬೇಕು, ಜನ ಕೂರುವ ಭಾಗ ಗಟ್ಟಿಯಾಗಿರಬೇಕು ಎಂಬ ವಿಚಾರಕ್ಕೆ 1951ರಲ್ಲಿ ಪೇಟೆಂಟ್ ಅರ್ಜಿ ಹಾಕಿದವರು ಮರ್ಸಿಡಿಸ್ ಕಂಪನಿಯ ಇಂಜಿನಿಯರ್ ಬೇಲಾ ಬಾರೆನಿ. 1959ರಲ್ಲಿ ಅಂಥ ಕಾರು ಮಾರುಕಟ್ಟೆಗೆ ಬಂತು. ಮರುವರ್ಷ, 1960ರಲ್ಲಿ, ದುಂಡು ಕೊಳವೆ ಮಡಚಲು ಎಷ್ಟು ಬಲ ಬೇಕೆಂಬ ಸರಳ ಸೂತ್ರವನ್ನು ಜೆ. ಎಂ. ಅಲೆಕ್ಸಾಂಡರ್ ಪ್ರಕಟಿಸಿದರು. ಚೌಕಾಕಾರದ ಕೊಳವೆಯ ಲೆಕ್ಕವನ್ನು 1983ರಲ್ಲಿ ಪೋಲೆಂಡ್ ಮೂಲದ ವಿಯರ್ಜ್‌ಬಿಟ್ಸ್ಕಿ ಮತ್ತು ಅಬ್ರಮೋವಿಚ್ ಬಿಡಿಸಿದರು. ತಗಡಿನ ದಪ್ಪ ಇಮ್ಮಡಿಯಾದರೆ ಚೌಕ ಕೊಳವೆಯ ಬಲ ಮೂರು ಪಟ್ಟಿಗೂ ಸ್ವಲ್ಪ ಹೆಚ್ಚಾಗುತ್ತದೆ ಎಂದು ಅವರ ಸೂತ್ರ ಹೇಳುತ್ತದೆ.

ಆ ಸೂತ್ರದಿಂದಲೇ ಒಂದು ಉದಾಹರಣೆ. 8 ಸೆಂ.ಮೀ. ಅಗಲದ ಚೌಕ ಕೊಳವೆ, 2 ಮಿ.ಮೀ. ದಪ್ಪದ ಸಾಧಾರಣ ಉಕ್ಕು, ಉದ್ದ 40 ಸೆಂ.ಮೀ. ತೂಕ ಎರಡು ಕಿಲೋ. ಇದು ಮಡಚುವಾಗ ಸುಮಾರು ಐದೂವರೆ ಟನ್ ಸರಾಸರಿ ಬಲದಿಂದ ಎದುರಿಸುತ್ತದೆ. ಮಡಿಕೆಗಳೇ ಒಂದರ ಮೇಲೊಂದು ಕೂತು ಜಾಗ ಹಿಡಿಯುವುದರಿಂದ, ಉದ್ದದ ಸುಮಾರು ಶೇಕಡಾ 70ರಷ್ಟು ಮಾತ್ರ ಮಡಚುತ್ತದೆ. ಅಷ್ಟರಲ್ಲಿ ಅದು ನುಂಗುವ ಶಕ್ತಿ ಸುಮಾರು 15,000 ಜೂಲ್. ಒಂದು ಟನ್ ಕಾರನ್ನು ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿದರೆ ಆಗುವಷ್ಟು ಶಕ್ತಿ! ಎರಡು ಕಿಲೋ ತಗಡಿನ ಕೆಲಸ ಇದು.

ಆದರೆ ಒಂದು ಷರತ್ತಿದೆ. ಕೊಳವೆ ಕ್ರಮವಾಗಿ ಮಡಚಬೇಕು. ಒಂದು ಪೋಸ್ಟ್ ಕಾರ್ಡನ್ನು ಸುರುಳಿ ಮಾಡಿ ಅಂಟಿಸಿ ಮೇಜಿನ ಮೇಲೆ ನಿಲ್ಲಿಸಿ ಮೇಲಿನಿಂದ ಒತ್ತಿ ನೋಡಿ. ನೇರವಾಗಿ ಒತ್ತಿದರೆ ಎಷ್ಟು ಎದುರಿಸುತ್ತದೆ! ಮಧ್ಯದಲ್ಲಿ ಬೆರಳಿನಿಂದ ಒಂದು ತಗ್ಗು ಮಾಡಿ ಒತ್ತಿದರೆ ಅಲ್ಲಿಯೇ ಮುರಿದು ವಾಲುತ್ತದೆ. ಉಕ್ಕಿನ ಕೊಳವೆಯೂ ಹಾಗೆಯೇ. ನಡುವಿನಲ್ಲಿ ಬಾಗಿ ಇಬ್ಭಾಗವಾದರೆ ಅದು ಹೀರುವ ಶಕ್ತಿ ತೀರಾ ಕಡಿಮೆ. ಅದಕ್ಕೇ ಕಾರು ತಯಾರಕರು ಕೊಳವೆಯ ಮುಂತುದಿಯಲ್ಲಿ ಬೇಕೆಂದೇ ಸಣ್ಣ ತಗ್ಗುಗಳನ್ನು ಒತ್ತಿರುತ್ತಾರೆ. ಮೊದಲ ಮಡಿಕೆ ಅಲ್ಲಿಯೇ ಬೀಳಲಿ, ಆರಂಭದ ಏಟೂ ತಗ್ಗಲಿ ಎಂದು. ನೋಡುವವರಿಗೆ ಅದು ದೋಷದಂತೆ ಕಾಣುತ್ತದೆ, ಆದರೆ ಅದು ಲೆಕ್ಕ ಹಾಕಿ ಇಟ್ಟ ದುರ್ಬಲತೆ.

ಈಗ ಗ್ಯಾರೇಜಿಗೆ ಮರಳೋಣ. ಅಲ್ಲಿಯ ಮೇಸ್ತ್ರಿ, "ಕೊಳವೆಯನ್ನು ಕಾಯಿಸಿ, ಸರಪಳಿ ಹಾಕಿ ಎಳೆದು ನೆಟ್ಟಗೆ ಮಾಡುತ್ತೇನೆ, ಒಳಗೊಂದು ಪಟ್ಟಿ ವೆಲ್ಡ್ ಮಾಡುತ್ತೇನೆ. ಮೊದಲಿಗಿಂತ ಗಟ್ಟಿಯಾಗುತ್ತದೆ. ಮುಂದೆ ಕಬ್ಬಿಣದ ಗಾರ್ಡ್ ಕೂಡ ಹಾಕಿಸಿ" ಎಂದರು. ಅವರ ಉದ್ದೇಶ ಒಳ್ಳೆಯದೇ, ಖರ್ಚೂ ಕಡಿಮೆ. ಆದರೆ ಒಮ್ಮೆ ಮಡಚಿದ ಕೊಳವೆ ತನ್ನ ಕೆಲಸ ಮುಗಿಸಿದೆ. ಕಾಯಿಸಿದರೆ ಉಕ್ಕಿನ ಗುಣ ಬದಲಾಗುತ್ತದೆ. ಪಟ್ಟಿ ಹಾಕಿದರೆ ಮುಂದಿನ ಸಲ ಅದು ಮಡಚುವ ಬದಲು ಬೇರೆಲ್ಲೋ ಬಾಗುತ್ತದೆ. ಇನ್ನು ಕಬ್ಬಿಣದ ಗಾರ್ಡ್ ಡಿಕ್ಕಿಯ ಏಟನ್ನು ನೇರವಾಗಿ ಚಾಸಿಗೆ ದಾಟಿಸಬಹುದು, ಏರ್‌ಬ್ಯಾಗ್ ತೆರೆಯುವ ಹೊತ್ತನ್ನೂ ತಪ್ಪಿಸಬಹುದು. ದಾರಿಹೋಕರಿಗಂತೂ ಅದು ಅಪಾಯವೇ. ಇಂಥ ಗಾರ್ಡ್‌ಗಳ ಮೇಲೆ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿ ರಾಜ್ಯಗಳಿಗೆ ಬರೆದದ್ದು ಸುಮ್ಮನೆ ಅಲ್ಲ.

ಮಾವ ಬಹಳ ಹೊತ್ತು ಸುಮ್ಮನಿದ್ದರು. ಒಮ್ಮೆ ಮಗನ ಕಡೆ, ಒಮ್ಮೆ ಕಾರಿನ ಕಡೆ ನೋಡಿದರು. ಆಮೇಲೆ, "ಹೊಸ ಭಾಗವನ್ನೇ ತರಿಸಿ, ಗಾರ್ಡ್ ಬೇಡ" ಎಂದರು. ಖರ್ಚು ಹೆಚ್ಚಾಯಿತು. ಅದರ ಬಗ್ಗೆ ಅವರು ಇಂದಿಗೂ ನನ್ನನ್ನು ದೂರುತ್ತಾರೆ, ಅದು ಬೇರೆ ಮಾತು!

ವಿದ್ಯಾರ್ಥಿಗಳೇ, ಇದೇ ತತ್ತ್ವ ಎಲ್ಲಿಯವರೆಗೆ ಹೋಗಿದೆ ನೋಡಿ. 1969ರಲ್ಲಿ ಮನುಷ್ಯರನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಕಾಲುಗಳೊಳಗೆ ಜೇನುಗೂಡಿನಂಥ ತೆಳು ಅಲ್ಯೂಮಿನಿಯಂ ಇತ್ತು. ನೂರಾರು ಪುಟ್ಟ ಕೊಳವೆಗಳ ಕಟ್ಟು ಎಂದೇ ತಿಳಿಯಿರಿ. ಒಮ್ಮೆ ಮಡಚಿದರೆ ಸಾಕಿತ್ತು, ಮರಳಿ ಚಿಮ್ಮಬೇಕಾಗಿರಲಿಲ್ಲ.

ನಿಮ್ಮಲ್ಲಿ ಕೆಲವರು ಇಂಜಿನಿಯರಿಂಗ್ ಓದುತ್ತೀರಿ, ಕೆಲವರು ಐಟಿಐ ಮುಗಿಸಿ ಟಿಂಕರಿಂಗ್, ವೆಲ್ಡಿಂಗ್ ಕೆಲಸಕ್ಕೆ ಹೋಗುತ್ತೀರಿ, ಕೆಲವರು ಗಲ್ಫಿನಲ್ಲಿ ವಾಹನ ಓಡಿಸುತ್ತೀರಿ. ಡಿಸೈನ್ ಮಾಡುವವನ ಲೆಕ್ಕದಷ್ಟೇ ವೆಲ್ಡ್ ಮಾಡುವವನ ಕೈಯೂ ಇಲ್ಲಿ ಮುಖ್ಯ. ಸೀಟ್ ಬೆಲ್ಟ್ ಕಟ್ಟದಿದ್ದರೆ ಇಬ್ಬರ ಶ್ರಮವೂ ವ್ಯರ್ಥ, ಏಕೆಂದರೆ ಕಾರು ನಿಧಾನವಾಗಿ ನಿಂತರೂ ನಾವು ನಿಲ್ಲುವುದಿಲ್ಲ. ಮನೆಗೆ ಹೋದ ಮೇಲೆ ಪೋಸ್ಟ್ ಕಾರ್ಡಿನ ಪ್ರಯೋಗ ಮಾಡಿ ನೋಡಿ, ಮನೆಯವರಿಗೂ ತೋರಿಸಿ.