ನಾಯಿ ಕಾಟಕ್ಕೆ ವಿಷವಲ್ಲ, ಅರ್ಜಿ



ಓಣಿಯಲ್ಲಿ ನಾಯಿಗಳ ಕಾಟ ಅಂತೀರಿ. ನಿಜ. ಆದರೆ ವಿಷ ಹಾಕಿ ಕೊಲ್ಲಬಾರದು. 1960ರ ಪ್ರಾಣಿ ಹಿಂಸೆ ತಡೆ ಕಾನೂನಿನಲ್ಲಿ ಅದು ಅಪರಾಧ.

ಹಾಗಾದರೆ ಯಾರು ನೋಡಬೇಕು? ದಾಂಡೇಲಿಯಲ್ಲಿ ನಗರಸಭೆ, ಹಳಿಯಾಳದಲ್ಲಿ ಪುರಸಭೆ, ಮುಂಡಗೋಡದಲ್ಲಿ ಪಟ್ಟಣ ಪಂಚಾಯತಿ. ನಾಯಿ ಹಿಡಿಸಿ, ಮರಿ ಆಗದಂತೆ ಆಪರೇಷನ್ ಮಾಡಿಸಿ, ಹುಚ್ಚು ರೋಗದ ಲಸಿಕೆ ಹಾಕಿಸೋದು ಅವರ ಕೆಲಸ. 2023ರ ನಿಯಮ ಹೀಗೆ ಹೇಳ್ತದೆ.

ನಾಯಿ ಕಚ್ಚಿದರೆ ಅರಿಶಿನ, ಸುಣ್ಣ ಹಚ್ಚಬೇಡಿ. ಸೋಪು ಹಚ್ಚಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆಯಿರಿ. ಕೂಡಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಎಲ್ಲಾ ಇಂಜೆಕ್ಷನ್ ತಪ್ಪದೆ ಹಾಕಿಸಿಕೊಳ್ಳಿ. ಹುಚ್ಚು ರೋಗ ಬಂದ ಮೇಲೆ ಜೀವ ಉಳಿಯೋದಿಲ್ಲ.

ಈಗ ನಮಗೆ ಬರೆಯೋಕೆ ಬರ್ತದೆ. ಓಣಿಯವರೆಲ್ಲ ಸೇರಿ ಅರ್ಜಿ ಬರೆಯೋಣ. ಹೆಬ್ಬೆಟ್ಟು ಬೇಡ, ಸಹಿ ಹಾಕೋಣ.