ಮಂಡಿಯ ಮಾತು

ಹಿಮವೆಂದರೆ ಫ್ರಿಜ್ಜಿನೊಳಗೆ ಕಟ್ಟುವ ಬಿಳಿಯ ಪೊರೆ ಎಂದಷ್ಟೇ ತಿಳಿದಿದ್ದ ನನ್ನಂಥವನ ಮನೆಯಲ್ಲಿ, ಅದೂ ವೈಟ್‌ಫೀಲ್ಡಿನ ಧೂಳಿನ ನಡುವೆ, ಸ್ಕೀಯಿಂಗ್ ಎಂಬ ಹಿಮದ ಜಾರಾಟದ ಬಗ್ಗೆ ಮೂರು ತಿಂಗಳು ಚರ್ಚೆ ನಡೆಯಿತೆಂದರೆ ಶ್ರೋತೃಗಳಿಗೆ ನಗು ಬಂದೀತು. ನನ್ನ ಮಗಳು ಇಲ್ಲಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಉದ್ಯೋಗಿ. 2024ರ ಚಳಿಗಾಲದಲ್ಲಿ ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಈ ವಿದ್ಯೆಯ ಮೊದಲ ಪಾಠ ಕಲಿತು ಬಂದಿದ್ದಳು. 2026ರ ಫೆಬ್ರವರಿಗೆ ಎರಡನೆಯ ಪಾಠ. ಹಣ ಕಟ್ಟಿಯಾಗಿತ್ತು, ಶ್ರೀನಗರಕ್ಕೆ ವಿಮಾನದ ಟಿಕೆಟ್ಟೂ ಆಗಿತ್ತು. ಅಷ್ಟರಲ್ಲಿ, 2025ರ ಅಕ್ಟೋಬರಿನಲ್ಲಿ, ಬ್ಯಾಡ್ಮಿಂಟನ್ ಆಡುತ್ತ ಹಾರಿ ನೆಲಕ್ಕೆ ಕಾಲೂರಿದಾಗ ಎಡಮಂಡಿಯೊಳಗೆ ಟಪ್ಪೆಂದು ಸದ್ದಾಯಿತು. ಸಂಜೆಗೆ ಮಂಡಿ ಕುಂಬಳಕಾಯಿಯಂತೆ ಊದಿತು.

ಒಂದು ತಿಂಗಳಲ್ಲಿ ಊತ ಇಳಿಯಿತು. ನಡೆದಳು, ಮೆಟ್ಟಿಲು ಹತ್ತಿದಳು. "ನೋವೇ ಇಲ್ಲವಲ್ಲ ಅಪ್ಪ, ಯಾಕೆ ಹೋಗಬಾರದು?" ಎಂದಳು.

ಹೋಗಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕಾರಣವುಂಟು. ಪೀಣ್ಯದ ಕಡೆ ವಾಸವಾಗಿದ್ದ ಕಾಲದಲ್ಲಿ, ಉಳುಕಿದ ಮಂಡಿಗೆ ಬಟ್ಟೆ ಸುತ್ತಿಕೊಂಡು, ವಿದ್ಯಾರ್ಥಿಗಳೆದುರು ಹಿಂಜರಿಯಲಾರದೆ, ಶಿವಗಂಗೆಯ ಬೆಟ್ಟ ಹತ್ತಿದ ಮಹಾನುಭಾವ ನಾನು. ಹತ್ತುವಾಗ ಏನೂ ಆಗಲಿಲ್ಲ. ಇಳಿಯುವಾಗ ಕಾಲು ಕುಸಿಯಿತು. ಹುಡುಗರು ಹೊತ್ತು ತಂದರು. ಆ ಕಾಲನ್ನು ಇಂದಿಗೂ ಎಳೆಯುತ್ತಿದ್ದೇನೆ. ಮಗಳಿಗೆ ಈ ಕಥೆ ಗೊತ್ತಿತ್ತು. ನಾನು ಅದನ್ನು ಶೌರ್ಯವೆಂಬಂತೆ ಹೇಳುತ್ತಿದ್ದುದೂ ಗೊತ್ತಿತ್ತು.

ರನ್ನನ ಗದಾಯುದ್ಧವನ್ನು ಮೂವತ್ತು ವರ್ಷ ಪಾಠ ಹೇಳಿದವನು ನಾನು. ದುರ್ಯೋಧನನ ತೊಡೆ ಮುರಿದುದನ್ನು ರಸಭಾವಸಹಿತ ವಿವರಿಸಿದ್ದೇನೆ. ಆ ತೊಡೆಯ ಕೆಳತುದಿಯ ಕೀಲಿನ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಈಗ ಓದಿದೆ. ತೊಡೆಯ ಮೂಳೆಯ ಎರಡು ಗುಂಡುತುದಿಗಳು ಕಣಕಾಲಿನ ಮೂಳೆಯ ಹೆಚ್ಚುಕಡಮೆ ಸಮತಟ್ಟಾದ ತಲೆಯ ಮೇಲೆ ಕುಳಿತಿವೆ, ತಟ್ಟೆಯ ಮೇಲೆ ಗುಂಡುಕಲ್ಲಿಟ್ಟ ಹಾಗೆ. ಅದು ಜಾರದಂತೆ ಹಿಡಿದಿರುವುವು ಕೆಲವು ಕಟ್ಟುಗಳು, ಸುತ್ತಣ ಸ್ನಾಯುಗಳು. ಕೀಲಿನ ನಡುವೆ ಒಂದನ್ನೊಂದು ಅಡ್ಡಹಾಯುವ ಎರಡು ಕಟ್ಟುಗಳಿವೆ; ಅವುಗಳಲ್ಲಿ ಮುಂದಿನದು, ವೈದ್ಯರು ಎ.ಸಿ.ಎಲ್. ಎನ್ನುವುದು, ಹರಿದಿದೆಯೆಂದು ಎಂ.ಆರ್.ಐ. ಚಿತ್ರ ತೋರಿಸಿತು. ನೇರ ನಡಿಗೆ ಅದಿಲ್ಲದೆಯೂ ಸಾಗುತ್ತದೆ. ಥಟ್ಟನೆ ತಿರುಗುವಾಗ ಅದು ಬೇಕು. ನೋವು ಹೋಯಿತೆಂದರೆ ಕಟ್ಟು ಕೂಡಿತೆಂದು ಅರ್ಥವಲ್ಲ.

ಇನ್ನು ಈ ಆಟವೋ, ತಿರುವುಗಳದೇ ಆಟ. ಪಾದಕ್ಕೆ ಬಿಗಿದ ಉದ್ದನೆಯ ಹಲಗೆ ಒಂದು ಸನ್ನೆಗೋಲು. ಅದರ ತುದಿ ಹಿಮದಲ್ಲಿ ಸಿಕ್ಕಿಕೊಂಡರೆ ಇಡೀ ತಿರುಚು ಮೇಲಕ್ಕೆ ಬರುತ್ತದೆ. ಹಿಂದೆ ಬಿದ್ದವರ ಕಣಕಾಲಿನ ಮೂಳೆ ಮುರಿಯುತ್ತಿತ್ತು. 1970ರ ದಶಕದಿಂದೀಚೆಗೆ, ಒತ್ತಡ ಮೀರಿದೊಡನೆ ಬೂಟನ್ನು ಬಿಟ್ಟುಕೊಡುವ ಹಿಡಿಕೆಗಳು ಸುಧಾರಿಸಿದಂತೆ ಆ ಮುರಿತ ಬಹಳ ತಗ್ಗಿತು. ಮಂಡಿಯ ಕಟ್ಟು ಹರಿಯುವುದು ಮಾತ್ರ ಹೆಚ್ಚಿತು. ಹಿಂದಕ್ಕೆ ವಾಲಿ ಬೀಳುವವನ ಮಂಡಿ ತಿರುಚಿಕೊಳ್ಳುತ್ತಿರುವುದು ಆ ಹಿಡಿಕೆಗೆ ಅನೇಕ ವೇಳೆ ತಿಳಿಯುವುದೇ ಇಲ್ಲ.

ಮಗಳು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರ ಉದಾಹರಣೆ ಕೊಟ್ಟಳು. 2025ರಲ್ಲಿ ಚಿಲಿ ದೇಶದಲ್ಲಿ ಕಂಚಿನ ಪದಕ ಗೆದ್ದವರು. ಅವರದು ದೂರ ಸಾಗುವ ಬಗೆ, ಹಗುರ ಬೂಟು, ಹಿಮ್ಮಡಿ ಸ್ವತಂತ್ರ. ನಿನ್ನದು ಇಳಿಜಾರಿನ ಬಗೆ, ಹಿಮ್ಮಡಿಗೂ ಬೀಗ, ಎಂದೆ. "ಇದನ್ನೆಲ್ಲ ಯಾವಾಗ ಓದಿದಿರಿ?" ಎಂದು ನಕ್ಕಳು. ಮಾತು ಅಲ್ಲಿಗೆ ನಿಂತಿತು.

ವೈದ್ಯರು ನಿರ್ಧಾರವನ್ನು ಅವಳಿಗೇ ಬಿಟ್ಟಿದ್ದರು. ತಿರುಗು ಆಟಗಳಿಗೆ ಮರಳಬೇಕೆನ್ನುವವರಿಗೆ ಹೊಸ ಕಟ್ಟು ಕೂರಿಸುವ ಶಸ್ತ್ರಚಿಕಿತ್ಸೆಯುಂಟು, ಅನಂತರ ಒಂಬತ್ತು ತಿಂಗಳಾದರೂ ಕಾಯಬೇಕು ಎಂದಿದ್ದರು. ಕಟ್ಟಿಲ್ಲದ ಮಂಡಿ ಮತ್ತೆ ಮತ್ತೆ ಕುಸಿದರೆ ಕೀಲಿನ ನಡುವಣ ಮೆತ್ತೆಯೂ ಹರಿದೀತು ಎಂಬುದನ್ನೂ ಮರೆಯದೆ ಹೇಳಿದ್ದರು. ಜನವರಿಯಲ್ಲಿ ವ್ಯಾಯಾಮ ಚಿಕಿತ್ಸೆಯವರ ಕೋಣೆಯಲ್ಲಿ ಒಂದು ಪರೀಕ್ಷೆ. ನಾನೂ ಜೊತೆಗಿದ್ದೆ. ಒಂಟಿಕಾಲಿನಲ್ಲಿ ನೆಗೆದು ಅದೇ ಕಾಲಿನಲ್ಲಿ ನಿಲ್ಲಬೇಕು. ಪೆಟ್ಟಾದ ಕಾಲು ಇನ್ನೊಂದರ ನೂರಕ್ಕೆ ತೊಂಬತ್ತರಷ್ಟಾದರೂ ದೂರ ಹಾಯಬೇಕು. ಬಲಗಾಲು 120 ಸೆಂಟಿಮೀಟರ್ ಹಾರಿತು. ಎಡಗಾಲು 84. ನೂರಕ್ಕೆ ಎಪ್ಪತ್ತು. ಇಳಿದಾಗ ಮಂಡಿ ಒಳಕ್ಕೆ ವಾಲಿ ನಡುಗಿದ್ದು ನನ್ನ ಕಣ್ಣಿಗೂ ಬಿತ್ತು. ಮಗಳು ಟೇಪನ್ನೇ ನೋಡುತ್ತ ನಿಂತಳು. ನಾನು ಮೌನವಾಗಿದ್ದೆ, ಅಧ್ಯಾಪಕನಾಗಿದ್ದವನಿಗೆ ಅದು ಸುಲಭವಲ್ಲ.

ದಾರಿಯುದ್ದಕ್ಕೂ ಮಾತಿಲ್ಲ. ಮನೆಯ ಬಾಗಿಲಲ್ಲಿ, "ಶಿವಗಂಗೆಯಿಂದ ನಿಮ್ಮನ್ನು ಹೊತ್ತು ತಂದವರು ಎಷ್ಟು ಜನ ಅಪ್ಪ?" ಎಂದು ಕೇಳಿದಳು. ನಾಲ್ವರು ಎಂದೆ. ಆ ರಾತ್ರಿಯೇ ಟಿಕೆಟ್ಟು ರದ್ದಾಯಿತು. ಅರ್ಧ ಹಣವೂ ಹಿಂದಿರುಗಲಿಲ್ಲ. ಶಸ್ತ್ರಚಿಕಿತ್ಸೆಗೆ ದಿನ ಗೊತ್ತಾಯಿತು. ಹಿಮದ ಬೂಟುಗಳನ್ನು ಅಟ್ಟಕ್ಕೆ ಹಾಕೋಣವೆಂದು ನನ್ನಾಕೆ ಅಂದಾಗ ಮಗಳು ಒಪ್ಪಲಿಲ್ಲ. ಅವು ಬಾಗಿಲ ಬಳಿ ನನ್ನ ಚಪ್ಪಲಿಗಳ ಪಕ್ಕದಲ್ಲೇ ಇವೆ.